ಅಲ್ಲಾಡಿಸಿ ಕೊಂಡ ಲೆನ್ಸ್

ನನ್ನ ಹೆಂಡತಿಯ ತವರು ಹೊನ್ನವಳ್ಳಿ ಹತ್ತಿರದ ಒಂದು ಹಳ್ಳಿ. ಆ ಮನೆಯಲ್ಲಿ ಬೆಲೆಬಾಳುವ ವಸ್ತುವನ್ನು ಬೀರುವಿನಲ್ಲಿ ಇಡುವ ಪದ್ಧತಿ ಇಲ್ಲ, ಅಟ್ಟಕ್ಕೆ ಏರಿಸುತ್ತಾರೆ. ಮದುವೆಯ ಹಿತ್ತಾಳೆ ಹಂಡೆ, ಜಮೀನಿನ ಕಾಗದಗಳ ಟ್ರಂಕು, ಅತ್ತೆಯ ಧಾರೆ ಸೀರೆ ಎಲ್ಲವೂ ತೆಂಗಿನಕಾಯಿಯ ರಾಶಿಯ ನಡುವೆ ಇರುತ್ತವೆ. ಅದಕ್ಕೆ ಅವರು ಕೊಡುವ ಕಾರಣವನ್ನು ತಳ್ಳಿಹಾಕುವಂತಿಲ್ಲ. ಬೀರುವಿನ ಬೀಗವನ್ನು ಯಾರು ಬೇಕಾದರೂ ಒಡೆಯಬಹುದು. ಕಾಯಿ ತುಂಬಿದ ಅಟ್ಟಕ್ಕೆ ಕಳ್ಳ ಹತ್ತಿದರೆ ಕಾಲಿಟ್ಟ ಕಡೆಯೆಲ್ಲ ಕಾಯಿ ಉರುಳಿ, ಅವನು ಇಳಿಯುವಷ್ಟರಲ್ಲಿ ಊರೇ ಅಂಗಳದಲ್ಲಿ ನಿಂತಿರುತ್ತದೆ.

ನನ್ನ ಲೆನ್ಸ್ ಹಾಳಾದದ್ದು ಆ ಅಟ್ಟದಲ್ಲಿ. ಅದನ್ನು ಸಾಬೀತು ಮಾಡಲು ನಾನು ಸಿಂಗಪುರಕ್ಕೆ ಹೋಗಿಬರಬೇಕಾಯಿತು.

ಈ ಸೀಮೆಯವರಲ್ಲದವರಿಗೆ ಒಂದು ವಿಷಯ ಹೇಳಿಬಿಡಬೇಕು. ನಮ್ಮಲ್ಲಿ ಉಂಡೆ ಕೊಬ್ಬರಿಯನ್ನು ಬಿಸಿಲಿಗೆ ಹರವಿ ಒಣಗಿಸುವುದಿಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಸುರಿದು ಹೆಚ್ಚುಕಡಿಮೆ ವರ್ಷ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗುತ್ತದೆ. ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಯಿತೋ ಇಲ್ಲವೋ ಎಂದು ತಿಳಿಯಲು ಒಂದೊಂದನ್ನೂ ಒಡೆದು ನೋಡಲಾಗುವುದಿಲ್ಲ. ಹಾಗಾಗಿ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಗುಳುಗುಳು ಎಂದರೆ ನೀರಿದೆ. ಸದ್ದೇ ಇಲ್ಲವೆಂದರೆ ತಿರುಳು ಇನ್ನೂ ಚಿಪ್ಪಿಗೆ ಅಂಟಿಕೊಂಡಿದೆ, ಹಸಿ. ಲೊಟಲೊಟ ಎಂದರೆ ಒಣಗಿದೆ, ಇಳಿಸಬಹುದು. ತಿಪಟೂರಿನ ಸುತ್ತಮುತ್ತ ಹುಟ್ಟಿ ಬೆಳೆದ ಕೈ ಗುಂಡನೆಯ ಯಾವ ವಸ್ತು ಸಿಕ್ಕಿದರೂ ಮೊದಲು ಕಿವಿಯ ಬಳಿಗೆ ಒಯ್ಯುತ್ತದೆ.

ಅಷ್ಟೊಂದು ಕಾಯಿಯ ನೀರು ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅದು ಅಟ್ಟದ ಗಾಳಿಗೆ ಹೋಗುತ್ತದೆ. ಆ ಗಾಳಿಯಲ್ಲಿ ಒಂದು ಮಳೆಗಾಲ ಪೂರ್ತಿ ಇದ್ದ ಗಾಜಿಗೆ ಬೂಷ್ಟು ಹಿಡಿಯದೆ ಇರುವುದಿಲ್ಲ.

ನಾನು ತಿಪಟೂರಿನಲ್ಲಿ ಒಂದು ಜಿಲ್ಲಾ ಪತ್ರಿಕೆಯ ವರದಿಗಾರ. ಸುದ್ದಿಯೂ ನನ್ನದೇ, ಫೋಟೊವೂ ನನ್ನದೇ. ಬೆಂಕಿ ಬಿದ್ದ ಮಂಡಿಯಿರಲಿ, ಕೆರೆ ಏರಿ ಒಡೆದ ಜಾಗವಿರಲಿ, ಪೊಲೀಸರ ಹಗ್ಗದ ಈಚೆಗೇ ನಿಂತು ಚಿತ್ರ ತೆಗೆಯಬೇಕು. ಅದಕ್ಕಾಗಿ ದೂರದ್ದನ್ನು ಹತ್ತಿರ ಮಾಡುವ ಒಂದು ಉದ್ದ ಲೆನ್ಸ್ ಇಟ್ಟುಕೊಂಡಿದ್ದೆ. ಅದು ನನ್ನ ಅರ್ಧ ಅನ್ನ.

ಭಾಮೈದನ ಮಗಳು ಕಾಲೇಜಿನಲ್ಲಿ ಓದುತ್ತಾಳೆ. ಅವಳಿಗೆ ತುರುವೇಕೆರೆ ಕಡೆಯ ಕೆರೆಗಳ ಹಕ್ಕಿಗಳ ಚಿತ್ರ ತೆಗೆಯುವ ಹುಚ್ಚು ಹತ್ತಿತು. ಅವಳ ಪರವಾಗಿ ಅವಳಪ್ಪ ಬಂದು ಲೆನ್ಸ್ ಕೇಳಿದ. ಭಾಮೈದ ಎಂದರೆ ನನ್ನ ಹೆಂಡತಿಯ ತಮ್ಮ. ತೋಟ ನೋಡಿಕೊಳ್ಳುತ್ತಾನೆ, ವಯಸ್ಸಿನಲ್ಲಿ ನನಗೂ ಅವನಿಗೂ ಅಂಥ ಅಂತರವಿಲ್ಲ. ಮಾತುಗಾರ. ಸಾವಿನ ಮನೆಯಲ್ಲೂ ಯಾರನ್ನಾದರೂ ನಗಿಸಿ ಎದ್ದು ಬರುವವನು. ಮಗಳ ಆಸೆ ಎಂದ, ಕೊಟ್ಟೆ. ಕೊಡುವ ಮೊದಲು ಎರಡು ಕಡೆಯ ಗಾಜನ್ನೂ ಟಾರ್ಚ್ ಹಾಕಿ ನೋಡಿದ್ದೆ. ಶುಭ್ರವಾಗಿತ್ತು. ಮಗಳು ಸ್ವಲ್ಪ ದಿನ ಬಳಸಿದಳು, ಪರೀಕ್ಷೆ ಬಂತು, ಹಾಸ್ಟೆಲಿಗೆ ಹೋದಳು. ಲೆನ್ಸ್ ಅವಳಪ್ಪನ ಕೈಯಲ್ಲಿ ಉಳಿಯಿತು.

ಅದು ವಾಪಸು ಬಂದದ್ದು ಗೌರಿ ಹಬ್ಬದ ದಿನ. ಹೆಣ್ಣುಮಕ್ಕಳನ್ನು ತವರಿಗೆ ಕರೆಯುವ ಹಬ್ಬವಾದ್ದರಿಂದ ಮನೆ ತುಂಬಿತ್ತು. ಎಲ್ಲರೂ ಊಟಕ್ಕೆ ಕೂರುತ್ತಿದ್ದಾಗ ಭಾಮೈದ ಚೀಲವನ್ನು ನನ್ನ ಕೈಗೆ ಕೊಟ್ಟ. ಅಭ್ಯಾಸಬಲದಿಂದ ಲೆನ್ಸನ್ನು ಬಾಗಿಲಿನ ಬೆಳಕಿಗೆ ಹಿಡಿದೆ. ಒಳಗಿನ ಗಾಜಿನ ಅಂಚಿನಿಂದ ನಡುವಿನವರೆಗೆ ಬಿಳಿಯ ಎಳೆಗಳು ಜೇಡನ ಬಲೆಯಂತೆ ಹಬ್ಬಿದ್ದವು. ಚೀಲದ ಜಿಪ್ಪಿನಲ್ಲಿ ಒಂದೆಳೆ ಕಾಯಿನಾರು ಸಿಕ್ಕಿಕೊಂಡಿತ್ತು. ಆದರೆ ನಮ್ಮ ಸೀಮೆಯಲ್ಲಿ ಕಾಯಿನಾರು ದೇವರ ತಲೆಯ ಮೇಲೂ ಇರುತ್ತದೆ. ಅದನ್ನು ಸಾಕ್ಷಿ ಎಂದು ಯಾರೂ ಒಪ್ಪುವುದಿಲ್ಲ.

"ಬೂಷ್ಟು ಹಿಡಿದಿದೆ. ಎಲ್ಲಿಟ್ಟಿದ್ದೆ?" ಎಂದು ಮೆಲ್ಲಗೆ ಕೇಳಿದೆ.

"ಬೀರುನಾಗೆ," ಎಂದ. "ಬೀಗ ಹಾಕಿ ಮಡಗಿದ್ದೆ."

"ಬೀರುವಿನಲ್ಲಿ ಇಟ್ಟಿದ್ದರೆ ಹೀಗಾಗಲ್ಲ ಕಣಪ್ಪ."

"ಹಂಗಾದ್ರೆ ನೀವು ಕೊಟ್ಟಾಗ್ಲೇ ಹಂಗಿತ್ತು ಭಾವ. ನಾನ್ಯಾಕೆ ಹೇಳೋದು ಅಂತ ಸುಮ್ಕಿದ್ದೆ." ನಾನು ಮೆಲ್ಲಗೆ ಕೇಳಿದ್ದಕ್ಕೆ ಅವನು ಜೋರಾಗಿ ಉತ್ತರ ಕೊಟ್ಟ. ಎಲೆಯ ಮುಂದೆ ಕೂತವರ ಕಡೆ ತಿರುಗಿ ಮುಂದುವರಿಸಿದ. "ಪೇಪರ್‌ನೋರು ಕಣ್ರಪ್ಪ! ಇಲ್ದೇ ಇರೋದ್ನ ಐತೆ ಅನ್ನೋದೇ ಇವರ ಕಸುಬು. ಇವತ್ತು ಹಬ್ಬದ ದಿನ ನಾನು ಸಿಕ್ಕಾಕ್ಕೊಂಡೆ."

ಎಲ್ಲರೂ ನಕ್ಕರು. ಅತ್ತೆಯ ತಮ್ಮ, ತಿಪಟೂರಿನಲ್ಲಿ ಕೊಬ್ಬರಿ ಮಂಡಿ ನಡೆಸುವವರು, ಆ ಮನೆಯ ಹಿರಿಯರು. ಮಂಡಿ ಮಾವ ಎಂದೇ ನಾವು ಕರೆಯುವುದು. ಅವರೂ ನಕ್ಕು, "ಹೋಗ್ಲಿ ಬುಡಿ ಅಳಿಮಯ್ಯ, ಒಂದು ಗಾಜಿನ ಚೂರಿಗೆ ಹಬ್ಬ ಕೆಡಿಸ್ಕೋಬೇಡಿ. ಏಯ್, ಇವರ ಎಲೆಗೆ ಇನ್ನೊಂದು ಒಬ್ಬಟ್ಟು ಬುಡ್ರೇ," ಎಂದರು. ಒಬ್ಬಟ್ಟು ಬಂತು. ತಿಂದೆ.

ಅಂದಿನಿಂದ ಆ ಮನೆಯಲ್ಲಿ ನನ್ನ ಮಾತಿಗೆ ಒಂದು ಹೆಸರು ಬಂತು: ಪೇಪರ್‌ನೋರ ಮಾತು. ಹಾಸನದ ರಸ್ತೆಯಲ್ಲಿ ಲಾರಿ ಮಗುಚಿದೆ, ಹೊರಡಬೇಡಿ ಎಂದು ಒಮ್ಮೆ ಫೋನ್ ಮಾಡಿದೆ. "ಪೇಪರ್‌ನೋರ ಮಾತು ಬುಡು," ಎಂದು ಹೊರಟರು. ಮಧ್ಯಾಹ್ನದವರೆಗೆ ಬಿಸಿಲಿನಲ್ಲಿ ಸಿಕ್ಕಿಕೊಂಡು ನಿಂತರು. ಮನೆಗೆ ಬಂದ ಮೇಲೆ ಅದನ್ನೂ ನನ್ನ ಮೇಲಿನ ತಮಾಷೆಯಾಗಿ ಮಾಡಿಕೊಂಡರು. ನಾನು ಬರೆದದ್ದು ತಪ್ಪೆಂದು ಶಾಸಕರು ಹೇಳಿದ್ದುಂಟು, ತಹಸೀಲ್ದಾರರು ಹೇಳಿದ್ದುಂಟು. ಅದಕ್ಕೆ ಕಚೇರಿಯಲ್ಲಿ ಉತ್ತರ ಕೊಡುವ ಕ್ರಮವಿದೆ. ಮಾವನ ಮನೆಯ ನಗುವಿಗೆ ಸ್ಪಷ್ಟೀಕರಣ ಬರೆಯಲು ಬರುವುದಿಲ್ಲ.

ಅದನ್ನೂ ಸಹಿಸಿಕೊಳ್ಳುತ್ತಿದ್ದೆನೇನೋ. ಒಂದು ಬೆಳಿಗ್ಗೆ ನನ್ನ ಹೆಂಡತಿ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಸೀರೆ ಇಸ್ತ್ರಿ ಮಾಡುತ್ತ, ತಲೆ ಎತ್ತದೆ ಕೇಳಿದಳು: "ಅಲ್ಲಾರೀ, ಕೊಡೋ ಮುಂಚೆ ನೀವು ಸರಿಯಾಗಿ ನೋಡಿದ್ರಾ?"

"ನೋಡಿದ್ದೆ."

"ಸುಮ್ನೆ ಕೇಳ್ದೆ," ಎಂದಳು.

ಸುದ್ದಿಯಲ್ಲಿ ಸೇಡು ಎಂಬ ಪದವನ್ನು ನಾವು ಆದಷ್ಟು ಬಳಸುವುದಿಲ್ಲ. ಹಳೆಯ ವೈಷಮ್ಯ ಎಂದು ಬರೆಯುತ್ತೇವೆ. ಆ ಬೆಳಿಗ್ಗೆಯಿಂದ ನನ್ನಲ್ಲಿ ಇದ್ದದ್ದು ಸೇಡು. ಲೆನ್ಸಿನ ಆಸೆ ಬಿಟ್ಟಿದ್ದೆ. ಅವನು ಯಾರ ಎದುರು ನನ್ನನ್ನು ಸುಳ್ಳುಗಾರನನ್ನಾಗಿ ಮಾಡಿದನೋ ಅವರ ಎದುರೇ ಅಟ್ಟ ಎಂಬ ಪದ ಅವನ ಬಾಯಿಂದ ಬರಬೇಕಾಗಿತ್ತು.

ಮುಂದಿನ ವರ್ಷ ಮಂಡಿ ಮಾವ ವರ್ತಕರನ್ನೂ ಬೆಳೆಗಾರರನ್ನೂ ಸೇರಿಸಿ ಮಲೇಷ್ಯಾ–ಸಿಂಗಪುರ ಪ್ರವಾಸ ಹೊರಡಿಸಿದರು. ಸಿಂಗಪುರದಲ್ಲಿ ಹಳೆಯ ಕ್ಯಾಮೆರಾ ಮಾರುವ ಅಂಗಡಿಗಳಿವೆ, ಒಳ್ಳೆಯ ಮಾಲು ಸಿಗುತ್ತದೆ ಎಂದು ಕೇಳಿದ್ದೆ. ಹೋಗಲೋ ಬೇಡವೋ ಎಂದುಕೊಂಡಿದ್ದವನು, ಭಾಮೈದನೂ ಬರುತ್ತಾನೆ ಎಂದು ಗೊತ್ತಾದ ಮೇಲೆ ಹೆಸರು ಕೊಟ್ಟೆ. ಹೆಂಡತಿಗೆ ರಜೆ ಸಿಗಲಿಲ್ಲ.

ತೆಂಗಿನ ಸೀಮೆಯವರು ವಿದೇಶಕ್ಕೆ ಹೋದರೂ ನೋಡುವುದು ಮರವನ್ನೇ. ಮಲೇಷ್ಯಾದಲ್ಲಿ ಬಸ್ಸಿನ ಕಿಟಕಿಯಾಚೆ ಕಣ್ಣು ಹಾಯುವವರೆಗೂ ತಾಳೆ ಎಣ್ಣೆಯ ತೋಟ. "ಇಷ್ಟೊಂದು ಮರ ಐತೆ, ಒಂದಕ್ಕಾದ್ರೂ ಕಾಯಿ ಐತೇನ್ಲಾ?" ಎಂದು ಮಂಡಿ ಮಾವ ಮರುಗಿದರು. ಎತ್ತರದ ಕಟ್ಟಡವೊಂದರ ತುದಿಗೆ ಹೋದಾಗ ಎಲ್ಲರೂ ಊರಿನ ದೀಪ ನೋಡುತ್ತಿದ್ದರೆ, ಭಾಮೈದ ಹೋಟೆಲ್ಲಿನವರು ಅಲಂಕಾರಕ್ಕೆ ನೆಟ್ಟ ಕುಬ್ಜ ತೆಂಗಿನ ಸುಳಿಯನ್ನು ಬಗ್ಗಿ ಪರೀಕ್ಷಿಸುತ್ತಿದ್ದ. "ರೋಗ ಬಂದೈತೆ ಭಾವ, ಬರ್ಕೊಳ್ಳಿ. ಇದು ನಿಜವಾದ ಸುದ್ದಿ," ಎಂದ. ಹಿಂದಿನವರು ನಕ್ಕರು. ನಾನೂ ನಕ್ಕೆ. ನಗುವುದರಿಂದ ನನಗೆ ನಷ್ಟವೇನೂ ಇರಲಿಲ್ಲ.

ಸಿಂಗಪುರದಲ್ಲಿ ಒಂದು ಮಧ್ಯಾಹ್ನವನ್ನು ಸಾಮಾನು ಕೊಳ್ಳಲೆಂದು ಬಿಟ್ಟರು. ಉಳಿದವರು ಚಾಕೊಲೇಟು, ತಲೆನೋವಿನ ಎಣ್ಣೆ ಎಂದು ಚದುರಿದರು. ನಾನು ಕ್ಯಾಮೆರಾ ಅಂಗಡಿಯ ವಿಳಾಸ ಹಿಡಿದು ಹೊರಟಾಗ ಭಾಮೈದ ಹಿಂದೆಯೇ ಬಂದ.

"ನಾನೂ ಬತ್ತೀನಿ ಭಾವ. ಮಗಳು ಉದ್ದದ್ದು ಲೆನ್ಸ್ ತಗೊಂಡ್ ಬಾ ಅಂದವ್ಳೆ. ನಿಮ್ಮ ಹತ್ರ ಕೇಳೋಂಗಿಲ್ವಲ್ಲ ಇನ್ನ."

ಅವನ ಜೊತೆಗೆ ಮಂಡಿ ಮಾವನೂ ಬಂದರು. ಅವರಿಗೆ ಕೊಳ್ಳುವುದು ಏನೂ ಇರಲಿಲ್ಲ. ಇನ್ನೊಬ್ಬರು ಚೌಕಾಸಿ ಮಾಡುವುದನ್ನು ನೋಡಬೇಕಿತ್ತು.

ಅಂಗಡಿ ಒಂದು ಹಳೆಯ ವಾಣಿಜ್ಯ ಸಂಕೀರ್ಣದ ಮೇಲಿನ ಮಹಡಿಯಲ್ಲಿತ್ತು. ಗಾಜಿನ ಕಪಾಟುಗಳಲ್ಲಿ ಒಳ್ಳೆಯ ಮಾಲು. ಕೌಂಟರಿನ ಕೊನೆಯಲ್ಲಿ ಒಂದು ಪ್ಲಾಸ್ಟಿಕ್ ತಟ್ಟೆಯಲ್ಲಿ ಹಳೆಯವು. ಅಂಗಡಿಯವನು ಚೀನೀ ಮೂಲದ ವೃದ್ಧ, ಸ್ಟೂಲಿನ ಮೇಲೆ ಕೂತಿದ್ದ. ನಾನು ನನಗಾಗಿ ಒಂದು ಬಳಸಿದ ಕ್ಯಾಮೆರಾ ಆರಿಸಿಕೊಂಡೆ. ಬಳಸಿದ ಕ್ಯಾಮೆರಾ ಕೊಳ್ಳುವಾಗ ವಿಡಿಯೊ ಹಾಕಿ ಒಂದಷ್ಟು ಹೊತ್ತು ಬಿಡಬೇಕು. ಒಳಗೆ ದೋಷವಿದ್ದರೆ ಬಿಸಿಯಾಗಿ ತಾನೇ ನಿಲ್ಲುತ್ತದೆ. ನನ್ನ ಮೆಮೊರಿ ಕಾರ್ಡನ್ನು ಅದಕ್ಕೆ ಹಾಕಿ, ಅಂಗಡಿಯವನ ಒಪ್ಪಿಗೆ ಕೇಳಿ, ಕೌಂಟರಿನ ಒಂದು ತುದಿಯಲ್ಲಿಟ್ಟು ಚಾಲೂ ಮಾಡಿದೆ. ಅದರ ಮುಖ ಇನ್ನೊಂದು ತುದಿಯ ಕಡೆಗಿತ್ತು. ಕೆಂಪು ದೀಪ ಉರಿಯುತ್ತಿತ್ತು. ಅದು ಎಲ್ಲರಿಗೂ ಕಾಣುತ್ತಿತ್ತು. ಕದ್ದು ಚಿತ್ರೀಕರಿಸಿದೆ ಎಂದು ಮುಂದೆ ಯಾರೂ ಹೇಳಬಾರದೆಂದು ಇದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಭಾಮೈದ ಕಪಾಟಿನ ಬೆಲೆ ಕೇಳಿ ತಟ್ಟೆಯ ಕಡೆಗೆ ಸರಿದ. ತಟ್ಟೆಯಲ್ಲಿ ಒಂದೇ ಜಾತಿಯ ಎರಡು ಉದ್ದ ಲೆನ್ಸ್‌ಗಳಿದ್ದವು. ಹಳೆಯ ಕಾಲದವು, ಗಟ್ಟಿ ಲೋಹದವು. ಅವನು ಮೊದಲನೆಯದನ್ನು ಎತ್ತಿದ. ಗಾಜನ್ನು ನೋಡಲಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

ಅಂಗಡಿಯವನು ಸ್ಟೂಲಿನಿಂದ ಎದ್ದ.

"ಸದ್ದೇ ಇಲ್ಲ," ಎಂದು ಅದನ್ನು ಕೆಳಗಿಟ್ಟು ಎರಡನೆಯದನ್ನು ಅಲ್ಲಾಡಿಸಿದ. ಲೊಟಲೊಟ. ಅವನ ಮುಖ ಅರಳಿತು. "ಮಾವ, ಕೇಳು ಇಲ್ಲಿ."

ಮಂಡಿ ಮಾವ ಇಸಿದುಕೊಂಡರು. ಜೀವಮಾನವೆಲ್ಲ ಕೊಬ್ಬರಿ ಪರೀಕ್ಷಿಸಿದ ಕಿವಿ. ಕಣ್ಣು ಮುಚ್ಚಿ ಅಲ್ಲಾಡಿಸಿದರು. "ಉಂಡೆ ಕಟ್ಟೈತೆ ಕಣ್ಲಾ!" ಎಂದರು. ಬಳಿಕ ಮೊದಲನೆಯದನ್ನೂ ಅಲ್ಲಾಡಿಸಿ ತಲೆಯಾಡಿಸಿದರು. "ಇದು ಹಸಿ."

ಅಂಗಡಿಯವನು ಎರಡೂ ಕೈ ಎತ್ತಿ ಬೇಡ ಬೇಡ ಎಂದ. ಲೊಟಗುಟ್ಟುವುದನ್ನು ತೋರಿಸಿ, ಅದು ಕೆಟ್ಟದ್ದು, ಬಿಡಿಭಾಗಕ್ಕೆಂದು ಇಟ್ಟಿದ್ದು, ಕೊಂಡರೆ ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ತನ್ನ ತುಂಡು ಇಂಗ್ಲಿಷಿನಲ್ಲಿ ಹೇಳಿದ. ನಾನು ಒಂದು ಪದವನ್ನೂ ಬಿಡದೆ ಕನ್ನಡದಲ್ಲಿ ಹೇಳಿದೆ. ನನ್ನ ಮಾತನ್ನೂ ಸೇರಿಸಿದೆ.

"ಈ ಲೆನ್ಸಿನಲ್ಲಿ ಏನೂ ಅಲ್ಲಾಡಬಾರದು ಕಣಪ್ಪ. ಒಳಗೆ ಒಂದು ಗಾಜು ಸಡಿಲ ಆಗಿದೆ. ಇದನ್ನ ತಗೋಬೇಡ. ಇನ್ನೊಂದು ಚೆನ್ನಾಗಿರೋ ಹಾಗಿದೆ."

ಇದನ್ನು ನಾನು ಸ್ಪಷ್ಟವಾಗಿ, ಒಂದು ಸಲ ಹೇಳಿದೆ. ಯಾರ ಬಗ್ಗೆ ಬರೆಯುತ್ತೇವೋ ಅವರಿಗೆ ಹೇಳಿಕೊಳ್ಳಲು ಒಂದು ಅವಕಾಶ ಕೊಡಬೇಕು. ಎರಡನೆಯ ಸಲ ಹೇಳುವುದು ನಮ್ಮ ದಾಕ್ಷಿಣ್ಯ. ಅವನ ಮೇಲೆ ನನಗೆ ದಾಕ್ಷಿಣ್ಯ ಇರಲಿಲ್ಲ. ಅದಲ್ಲದೆ, ಅವನು ನನ್ನ ಮಾತು ನಂಬುವುದಿಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಮಾತಿಗೆ ಬೆಲೆಯಿಲ್ಲ ಎಂದು ಊರೆಲ್ಲ ಸಾರಿದವನು ತಾನೇ ಅದನ್ನು ನಂಬಿಬಿಟ್ಟಿದ್ದ. ನಾನು ನಿಜ ಹೇಳಿದರೆ ಸಾಕಾಗಿತ್ತು.

ಅವನು ಮಾವನ ಕಡೆ ಕಣ್ಣು ಹೊಡೆದ. "ನೋಡ್ದಾ ಮಾವ? ಹಸೀದನ್ನ ನನ್ನ ತಲೆಗೆ ಕಟ್ಟಿ, ಒಣಗಿದ್ದನ್ನ ತಾವು ಹೊಡ್ಕೊಳಾಕೆ ನೋಡ್ತಾವ್ರೆ. ಆ ಮುದುಕನ ಜೊತೆ ಇಂಗ್ಲಿಷ್‌ನಾಗೆ ಏನು ಮಾತಾಡ್ಕೊಂಡ್ರೋ!"

"ಅವನು ಹೇಳಿದ್ದನ್ನೇ ಹೇಳಿದೆ."

"ಭಾವ, ನನಗೂ ಒಂದಿಷ್ಟು ಗೊತ್ತಾಗುತ್ತೆ ಬುಡಿ. ತ್ಯಾವ ಇದ್ರೆ ತಾನೇ ಬೂಷ್ಟು ಹಿಡಿಯೋದು? ನಿಮ್ಮದಕ್ಕೆ ಹಿಡೀಲಿಲ್ವಾ? ಹಸಿ ಕಾಯಿ ಪಕ್ಕದಾಗೆ ಮಡಗಿದ್ದೆ, ಹಿಡೀತು. ಇದು ನೋಡಿ, ಲೊಟಲೊಟ ಅಂತೈತೆ. ಒಳಗೆ ಒಂದ್ ತೊಟ್ಟು ತ್ಯಾವ ಇಲ್ಲ. ಇದಕ್ಕೆ ಇನ್ನ ನೂರು ವರ್ಷ ಬೂಷ್ಟು ಬರಾಕಿಲ್ಲ."

ನಾನು ಕ್ಯಾಮೆರಾ ಕಡೆ ನೋಡಲಿಲ್ಲ. ಒಂದೇ ಪ್ರಶ್ನೆ ಕೇಳಿದೆ, ಸುದ್ದಿಗೋಷ್ಠಿಯ ಕೊನೆಯಲ್ಲಿ ಪೆನ್ನು ಜೇಬಿಗೆ ಸೇರಿಸುತ್ತ ಕೇಳುವ ದನಿಯಲ್ಲಿ.

"ಅಟ್ಟದಲ್ಲಾ?"

"ಇನ್ನೆಲ್ಲಿ ಭಾವ? ನಮ್ಮನೇಲಿ ಬೆಲೆ ಬಾಳೋದೆಲ್ಲ ಅಟ್ಟದಾಗೆ ತಾನೇ ಮಡಗೋದು!" ಎಂದು, ಲೆನ್ಸನ್ನು ಮತ್ತೊಮ್ಮೆ ಕಿವಿಗೆ ಹಿಡಿದ. ಅವನ ಗಮನವೆಲ್ಲ ಆ ಸದ್ದಿನಲ್ಲಿತ್ತು. ತಾನು ಏನು ಹೇಳಿದೆನೆಂದು ಅವನಿಗೆ ತಿಳಿಯಲಿಲ್ಲ.

ಮಂಡಿ ಮಾವನಿಗೆ ತಿಳಿಯಿತು. ಅವರು ನನ್ನ ಮುಖ ನೋಡಿದರು, ಅವನ ಮುಖ ನೋಡಿದರು, ಕೆಮ್ಮಿದರು. ನಡುವೆ ಬಂದು ಏನಾದರೂ ಹೇಳುತ್ತಾರೆಂದುಕೊಂಡೆ. ಹೆಗಲ ಮೇಲಿನ ಟವೆಲ್ಲಿನಿಂದ ಮೂಗು ಒರೆಸಿಕೊಂಡು ಕಪಾಟಿನ ಕಡೆ ತಿರುಗಿ ನಿಂತರು.

ಅವನು ಲೊಟಗುಟ್ಟುವ ಲೆನ್ಸನ್ನು ಕೊಂಡ. ಅಂಗಡಿಯವನು ಮಾರಲು ಒಪ್ಪುತ್ತಲೇ ಇರಲಿಲ್ಲ. ಭಾಮೈದನೇ ಬಲವಂತ ಮಾಡಿ ಕೊಂಡ. ಹಿಂದೆ ಬಿಟ್ಟ ಹಸಿಯದನ್ನು ನಾನು ಎತ್ತಿಕೊಂಡು ಟಾರ್ಚ್ ಹಾಕಿ ನೋಡಿದೆ. ಗಾಜು ಬೋರ್‌ವೆಲ್ ನೀರಿನಷ್ಟು ತಿಳಿಯಾಗಿತ್ತು. ಕ್ಯಾಮೆರಾದ ಜೊತೆಗೆ ಅದನ್ನೂ ಕೊಂಡೆ. ಹೋಟೆಲ್ಲಿಗೆ ಮರಳುವ ಬಸ್ಸಿನಲ್ಲಿ ಅವನು ಎಲ್ಲರಿಗೂ ಹೇಳಿದ: "ಭಾವ ಹಸೀದು ತಗೊಂಡ್ರು ಕಣ್ರೀ. ಪೇಪರ್‌ನೋರಿಗೆ ಕಿವಿ ಇರಲ್ಲ, ಬರೀ ಬಾಯಿ." ಅವನ ಲೆನ್ಸ್ ಬಸ್ಸಿನಲ್ಲಿ ಕೈಯಿಂದ ಕೈಗೆ ಹೋಯಿತು. ಪ್ರತಿಯೊಬ್ಬರೂ ಕಿವಿಗೆ ಹಿಡಿದು ಅಲ್ಲಾಡಿಸಿ, ಮೆಚ್ಚಿ, ಮುಂದಿನವರಿಗೆ ಕೊಟ್ಟರು. ಸಡಿಲವಾಗಿದ್ದದ್ದು ಇನ್ನಷ್ಟು ಸಡಿಲವಾಯಿತು. ನಾನು ಕಿಟಕಿಯ ಪಕ್ಕ ಕೂತು ಊರು ನೋಡಿದೆ. ಚೆನ್ನಾಗಿದೆ ಊರು.

ವಾಪಸು ಬಂದು ಸ್ವಲ್ಪ ದಿನಕ್ಕೆ ಭಾಮೈದನ ಮಗಳು ಆ ಲೆನ್ಸಿನಿಂದ ತೆಗೆದ ಚಿತ್ರಗಳನ್ನು ನನಗೆ ಕಳಿಸಿದಳು. ಪ್ರತಿ ಚಿತ್ರದಲ್ಲೂ ಎಡಗಡೆಯ ಹಕ್ಕಿಗೆ ರೆಕ್ಕೆಯಿತ್ತು, ಬಲಗಡೆಯ ಹಕ್ಕಿ ನೀರಿನಲ್ಲಿ ಕಲಸಿದ ಹಿಟ್ಟಿನಂತಿತ್ತು. "ಮಾಮ, ಇದು ನಾನು ತೆಗೆದದ್ದು ತಪ್ಪಾ, ಲೆನ್ಸೇ ಹಿಂಗಾ?" ಎಂದು ಕೇಳಿದಳು. ಲೆನ್ಸ್ ಎಂದು ಉತ್ತರಿಸಿದೆ. ಅಷ್ಟೇ ಉತ್ತರಿಸಿದೆ.

ಆ ವಾರ ನನ್ನ ಹೆಂಡತಿ ತವರಿನವರೊಂದಿಗೆ ಫೋನಿನಲ್ಲಿ ಮಾತಾಡಿ ಬಂದು ನನ್ನ ಎದುರು ನಿಂತಳು.

"ಅವನು ಹೇಳ್ತಾನೆ, ಭಾವ ಪಕ್ಕದಲ್ಲೇ ನಿಂತಿದ್ರು, ಕೆಟ್ಟಿದ್ದು ಅಂತ ಒಂದು ಮಾತು ಹೇಳ್ಲಿಲ್ಲ, ಹಳೇ ಸಿಟ್ಟು ತೀರಿಸ್ಕೊಂಡ್ರು ಅಂತ. ಅಮ್ಮ ನೊಂದ್ಕೊಂಡ್ರು. ಹೌದಾರೀ? ನೀವು ಹೇಳ್ಲಿಲ್ವಾ?"

ಇದು ಎರಡನೆಯ ಸುಳ್ಳು. ಮೊದಲನೆಯದನ್ನು ಹೆದರಿಕೆಯಿಂದ ಹೇಳಿದ್ದ ಎನ್ನಬಹುದು. ಭಾವನ ವಸ್ತು ಹಾಳಾಯಿತಲ್ಲ ಎಂಬ ಹೆದರಿಕೆ. ಎರಡನೆಯದಕ್ಕೆ ಅಂಥ ರಿಯಾಯಿತಿ ಇಲ್ಲ. ಮೇಜಿನ ಖಾನೆಯಲ್ಲಿದ್ದ ಮೆಮೊರಿ ಕಾರ್ಡನ್ನು ತೆಗೆದು ಅವಳಿಗೆ ಆಗಲೇ ತೋರಿಸಬಹುದಿತ್ತು. ತೋರಿಸಲಿಲ್ಲ. ಅವಳೂ ಆ ಮನೆಯವರ ನಡುವೆ ಕೂತೇ ನೋಡಲಿ ಎನಿಸಿತು.

"ಗೌರಿ ಹಬ್ಬಕ್ಕೆ ಹೋಗ್ತೀವಲ್ಲ," ಎಂದೆ.

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಪ್ರವಾಸದ ವಿಡಿಯೊ ತೋರಿಸಿ ಅಂತ ಅತ್ತೆ ಕೇಳಿದ್ರು."

ಹಬ್ಬದ ದಿನ ಅದೇ ಜನ, ಅದೇ ಹಜಾರ. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ಭಾಮೈದನ ಮಗಳು ನನ್ನ ಕಾರ್ಡನ್ನು ಟಿವಿಗೆ ಜೋಡಿಸಿದಳು. ಮೊದಲು ಕಟ್ಟಡಗಳು, ಸಮುದ್ರ, ಮಂಡಿ ಮಾವ ಯಂತ್ರದ ಮೆಟ್ಟಿಲನ್ನು ಕಂಡು ಹಿಂದೆ ಸರಿದದ್ದು. ಜನ ನಕ್ಕು ಹಗುರಾದರು. ಆಮೇಲೆ ಅಂಗಡಿ ಬಂತು. ಅದರಲ್ಲಿ ನಾನು ಒಂದು ಕ್ಷಣವನ್ನೂ ಕತ್ತರಿಸಿರಲಿಲ್ಲ. ಕತ್ತರಿಸಿದ್ದರೆ ಪೇಪರ್‌ನೋರ ಕೆಲಸ ಎನ್ನುತ್ತಿದ್ದರು.

ಟಿವಿಯಲ್ಲಿ ಭಾಮೈದ ಲೆನ್ಸನ್ನು ಕಿವಿಗೆ ಹಿಡಿದಾಗ ಹಜಾರವೆಲ್ಲ ಹೋ ಎಂದಿತು. ಅವನೇ ಎಲ್ಲರಿಗಿಂತ ಜೋರಾಗಿ ನಕ್ಕ. "ನೋಡ್ರಪ್ಪ, ಸಿಂಗಪುರ್‌ನಾಗೂ ನಮ್ಮ ಬುದ್ಧಿ ಬುಡ್ಲಿಲ್ಲ!" ಎಂದ. ನನ್ನ ಎಚ್ಚರಿಕೆಯ ಮಾತು ಬಂತು. ನಗು ಸ್ವಲ್ಪ ತಗ್ಗಿತು. ನನ್ನ ಹೆಂಡತಿ ಎಲೆಗೆ ಸುಣ್ಣ ಸವರುತ್ತಿದ್ದ ಬೆರಳನ್ನು ನಿಲ್ಲಿಸಿದಳು. ಅವನ ನಗು ಇನ್ನೂ ಮುಖದ ಮೇಲಿದ್ದಾಗಲೇ ಟಿವಿಯ ಒಳಗಿನ ಅವನು ಹಸಿ ಕಾಯಿ ಪಕ್ಕದಾಗೆ ಮಡಗಿದ್ದೆ ಎಂದ. ಅಟ್ಟದಲ್ಲಾ ಎಂದು ನನ್ನ ದನಿ ಕೇಳಿತು. ಇನ್ನೆಲ್ಲಿ ಭಾವ ಎಂದು ಅವನ ದನಿ ಕೇಳಿತು.

ಅತ್ತೆ ಕೂತಲ್ಲಿಂದಲೇ ಮಗನನ್ನು ಕೇಳಿದರು.

"ಬೀರುನಾಗೆ ಅಂದಿದ್ಯಲ್ಲಾ ನೀನು?"

ಅವನು ಎಲೆಯಡಿಕೆಯ ತಟ್ಟೆಯನ್ನು ಹತ್ತಿರ ಎಳೆದುಕೊಂಡ. ಅತ್ತೆ ಮೊಮ್ಮಗಳ ಕಡೆ ತಿರುಗಿದರು. "ಅದನ್ನ ಇನ್ನೊಂದ್ ಸಲ ಹಾಕವ್ವ."

ಹಾಕಿದಳು. ಎರಡನೆಯ ಸಲ ಯಾರೂ ನಗಲಿಲ್ಲ. ಎರಡನೆಯ ಸಲ ಮುಗಿದ ಮೇಲೆ ಮಂಡಿ ಮಾವ, ಯಾರೂ ಕೇಳದಿದ್ದರೂ, "ನಾನೂ ಅಲ್ಲೇ ಇದ್ದೆ ಕಣವ್ವ. ಅಳಿಮಯ್ಯ ಬ್ಯಾಡ ಅಂತ್ಲೇ ಹೇಳಿದ್ರು," ಎಂದರು. ಇಷ್ಟು ತಿಂಗಳು ಯಾಕೆ ಹೇಳಲಿಲ್ಲ ಎಂದು ನಾನು ಅವರನ್ನು ಕೇಳಲಿಲ್ಲ. ಕೇಳುವ ದಿನ ಬರುತ್ತದೆ.

"ಹಬ್ಬದ ದಿನ ಇದೆಲ್ಲ ಬೇಕಾಗಿತ್ತಾ ಭಾವ?" ಎಂದ ಭಾಮೈದ. ದನಿ ಸಣ್ಣದಾಗಿತ್ತು.

"ಹೋದ ಹಬ್ಬದಲ್ಲಿ ಬೇಕಾಗಿತ್ತಲ್ಲಪ್ಪ," ಎಂದೆ.

ಸೇಡು ತೀರಿದ ಮೇಲೆ ಮನಸ್ಸು ಖಾಲಿಯಾಗುತ್ತದೆ, ಪಶ್ಚಾತ್ತಾಪವಾಗುತ್ತದೆ ಎಂದು ಹೇಳುವವರಿದ್ದಾರೆ. ನನಗೆ ಹಾಗೇನೂ ಆಗಲಿಲ್ಲ. ಆ ಸಂಜೆ ಬೈಕಿನಲ್ಲಿ ಹಿಂದಿರುಗುವಾಗ ದಾರಿಯ ಎರಡೂ ಕಡೆಯ ತೋಟಗಳು ಎಂದಿಗಿಂತ ಚೆನ್ನಾಗಿ ಕಂಡವು.

ನಗು ಈಗ ಮನೆ ಬದಲಾಯಿಸಿದೆ. ಭಾಮೈದ ಏನಾದರೂ ಹೇಳಿದರೆ ಅಲ್ಲಿರುವವರಲ್ಲಿ ಒಬ್ಬರು ಕೈಗೆ ಸಿಕ್ಕ ಲೋಟವನ್ನೋ ಎಲೆಯಡಿಕೆಯ ಡಬ್ಬಿಯನ್ನೋ ಕಿವಿಗೆ ಹಿಡಿದು ಅಲ್ಲಾಡಿಸುತ್ತಾರೆ. ಮಾತು ಮಂಡಿಗೂ ಮುಟ್ಟಿದೆ. ಕೊಬ್ಬರಿ ಒಣಗಿದೆ ಎಂದು ಅವನು ಹೇಳಿದರೆ, "ನಿನ್ನ ಮಾತನ್ನ ಮೊದಲು ಅಲ್ಲಾಡಿಸಿ ನೋಡ್ಬೇಕು ಕಣ್ಲಾ," ಎಂದು ಹಮಾಲರೂ ಹೇಳುತ್ತಾರಂತೆ. ಇದನ್ನು ನಾನು ಎರಡು ಕಡೆಯಿಂದ ಖಚಿತಪಡಿಸಿಕೊಂಡಿದ್ದೇನೆ.

ಚಳಿಗಾಲದಲ್ಲಿ ಕೆರೆಗಳಿಗೆ ಹಕ್ಕಿ ಬರತೊಡಗಿದಾಗ ಮಗಳು ಫೋನ್ ಮಾಡಿ ನನ್ನ ಹಸಿ ಲೆನ್ಸನ್ನು ಕೇಳಿದಳು. ಕೊಡುತ್ತೇನೆ, ನಿಮ್ಮಪ್ಪನೇ ಬಂದು ಕೇಳಲಿ ಎಂದೆ. ಅವನು ಬರುವುದಿಲ್ಲ ಎಂದುಕೊಂಡಿದ್ದೆ. ಒಂದು ಭಾನುವಾರ ಬೆಳಿಗ್ಗೆ ಬಂದ. ಬಾಗಿಲಲ್ಲೇ ನಿಂತ, ಚಪ್ಪಲಿ ಬಿಡಲಿಲ್ಲ.

"ಮಗಳಿಗೆ ಬೇಕಂತೆ ಭಾವ."

"ಎಲ್ಲಿ ಇಡ್ತೀಯ?"

"ಬೀರು..." ಎಂದು ನಿಲ್ಲಿಸಿದ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದೂ ನಿಂತಿತು. ಒಳಗೆ ಅವನ ಅಕ್ಕ ಕೇಳಿಸಿಕೊಳ್ಳುತ್ತಿದ್ದಾಳೆಂದು ಅವನಿಗೂ ಗೊತ್ತಾಯಿತು. ತಲೆ ತಗ್ಗಿಸಿ, ನಗಿಸುವ ಮಾತು ಯಾವುದೂ ಇಲ್ಲದೆ ಹೇಳಿದ: "ಅಟ್ಟದಾಗೆ ಮಡಗಿದ್ದು ನಾನೇ ಭಾವ. ಇದನ್ನ ಅಲ್ಲಿ ಮಡಗಾಕಿಲ್ಲ."

"ಮಗಳನ್ನ ಕಳಿಸು. ಅವಳ ಕೈಗೆ ಕೊಡ್ತೀನಿ," ಎಂದೆ.

ನಾನು ಒಳಗೆ ಬಾ ಎನ್ನಲಿಲ್ಲ. ಅವನು ಗಾಡಿ ತಿರುಗಿಸಿಕೊಂಡು ಹೋದ.

ಹೆಂಡತಿ ಒದ್ದೆ ಕೈ ಸೆರಗಿಗೆ ಒರೆಸುತ್ತ ಹೊರಗೆ ಬಂದಳು. ಬೂಷ್ಟು ಹಿಡಿದ ಹಳೆಯ ಲೆನ್ಸ್ ಆಗಲೂ ಟಿವಿಯ ಪಕ್ಕದ ಶೆಲ್ಫಿನಲ್ಲಿತ್ತು. ನಾನೇ ಇಟ್ಟಿದ್ದೆ, ಬಂದವರಿಗೆ ಕಾಣಲೆಂದು. ಅವಳು ಅದನ್ನೇ ನೋಡುತ್ತ ಹೇಳಿದಳು.

"ಆವತ್ತು ಇಸ್ತ್ರಿ ಮಾಡ್ತಾ ನಾನೊಂದು ಮಾತು ಕೇಳಿದ್ದೆ."

"ಹೂಂ, ನೀನು ಕೇಳಿದ್ದೆ," ಎಂದೆ.

ಸುಮ್ಮನೆ ಕೇಳಿದ್ದು ಎಂದು ಅವಳು ಈ ಸಲ ಹೇಳಲಿಲ್ಲ. ಪರವಾಗಿಲ್ಲ ಎಂದು ನಾನೂ ಹೇಳಲಿಲ್ಲ. ಅವಳು ಆ ಲೆನ್ಸನ್ನು ತೆಗೆದು, ಸೆರಗಿನಿಂದ ಧೂಳು ಒರೆಸಿ, ಬೀರು ತೆರೆದು ತನ್ನ ಸೀರೆಗಳ ನಡುವೆ ಇಟ್ಟು, ಬೀಗ ಹಾಕಿ, ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟಳು.